ಫೋಟೋ ಅವರದ್ದು, ಕೈ ನಮ್ಮದು: ಆರ್ಡರ್ ಕೇಕ್ ಮಾಡುವವರಿಗೆ

ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ. ಕೆಳಗೆ ಎರಡೇ ಮಾತು: "ಅಕ್ಕ, ಸೇಮ್ ಇದೇ ಬೇಕು. ಎಷ್ಟಾಗ್ತದೆ?" ಆರ್ಡರ್ ಕೇಕ್ ಮಾಡುವ ಎಲ್ಲರಿಗೂ ಈ ಮೆಸೇಜ್ ಗೊತ್ತು. ಫೋಟೋದಲ್ಲಿರುವ ಕೇಕ್ ಯಾವುದೋ ತಣ್ಣಗಿನ ಊರಿನದ್ದು. ಮೂರು ಅಂತಸ್ತು, ಬಟರ್‌ಕ್ರೀಮಿನ ಚೂಪು ಅಂಚು, ಮೇಲೆ ಹಸಿ ಹೂವು. ಇವರಿಗೆ ಅದು ಬೇಕಾಗಿರುವುದು ಮೇ ತಿಂಗಳಲ್ಲಿ, ಮಲ್ಪೆಯ ಮನೆಯಂಗಳದ ಚಪ್ಪರದಡಿ ಕತ್ತರಿಸಲಿಕ್ಕೆ.

ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿ ಮನೆಯಿಂದಲೇ ಕೇಕ್ ಮಾಡುತ್ತೇನೆ. ಒಂಬತ್ತು ವರ್ಷ ಆಯ್ತು. ಉಡುಪಿ ಪೇಟೆಯಿಂದ ಬರುವ ಆರ್ಡರ್‌ಗಳಲ್ಲಿ ಹೆಚ್ಚಿನವು ಎಗ್‌ಲೆಸ್. ಮಣಿಪಾಲದ ಹಾಸ್ಟೆಲ್ ಮಕ್ಕಳಿಗೆ ನಡುರಾತ್ರಿಯ ಹುಟ್ಟುಹಬ್ಬ. ಸಂತೆಕಟ್ಟೆ, ಕಲ್ಯಾಣಪುರದ ಕಡೆಯಿಂದ ಮದುವೆ ಕೇಕು, ಮಲ್ಪೆಯ ಬೋಟಿನವರ ಮನೆಯಿಂದ ದೊಡ್ಡ ದೊಡ್ಡ ಹುಟ್ಟುಹಬ್ಬದ ಕೇಕು. ಇವರೆಲ್ಲರ ಜೊತೆ ಕೆಲಸ ಮಾಡಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಒಂದು. ಗಿರಾಕಿ ಕಳಿಸಿದ ಫೋಟೋದಲ್ಲಿ ಅವರ ಮನಸ್ಸಿಗೆ ತಾಗಿದ್ದು ಒಂದೇ ಒಂದು ಇರುತ್ತದೆ. ಅದು ಯಾವುದು ಎಂದು ಕೇಳಿ ತಿಳಿದು, ಅದನ್ನು ಒಂಚೂರೂ ತಪ್ಪಿಸದೆ ಕೊಟ್ಟರೆ, ಉಳಿದ ಜಾಗವನ್ನು ಅವರೇ ಸಂತೋಷದಲ್ಲಿ ನಮಗೆ ಬಿಟ್ಟುಕೊಡುತ್ತಾರೆ.

ಬೆಲೆ ಹೇಳುವ ಮೊದಲು ಕೇಳಬೇಕಾದದ್ದು

ಫೋಟೋ ಬಂದ ಕೂಡಲೇ ಬೆಲೆ ಹೇಳಬೇಡಿ. ಬೆಲೆ ಹೇಳಿದರೆ ಆ ಫೋಟೋವನ್ನು ಒಪ್ಪಿಕೊಂಡ ಹಾಗೆ. ಆಮೇಲೆ ಏನು ಬದಲಿಸಿದರೂ "ನೀವು ಮೊದ್ಲು ಹೂಂ ಅಂದಿದ್ರಲ್ಲ" ಎನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ.

ನಾನು ಫೋನ್ ಮಾಡುತ್ತೇನೆ. ಮೆಸೇಜಿನಲ್ಲಿ ಸಿಗದ ಸಂಗತಿ ಐದು ನಿಮಿಷದ ಮಾತಿನಲ್ಲಿ ಸಿಗುತ್ತದೆ. ಯಾರಿಗೆ, ಎಷ್ಟು ವರ್ಷ, ಎಷ್ಟು ಜನ, ಮೊಟ್ಟೆ ಹಾಕಬಹುದಾ, ಎಷ್ಟು ಗಂಟೆಗೆ ಕತ್ತರಿಸುವುದು, ಎಸಿ ಹಾಲೋ ಅಂಗಳವೋ, ತೆಗೆದುಕೊಂಡು ಹೋಗುವುದು ಯಾರು, ಸ್ಕೂಟರಿನಲ್ಲೋ ಕಾರಿನಲ್ಲೋ. ಸ್ಕೂಟರ್ ಅಂದರೆ ಎರಡು ಅಂತಸ್ತಿನ ಮಾತು ಅಲ್ಲಿಗೇ ಮುಗಿಯಿತು.

ಇಷ್ಟಾದ ಮೇಲೆ ಒಂದು ಪ್ರಶ್ನೆ. ಇದು ನನ್ನ ಕಸುಬಿನಲ್ಲಿ ನಾನು ಕಲಿತ ಅತಿ ಉಪಯೋಗದ ಪ್ರಶ್ನೆ: "ಈ ಫೋಟೋದಲ್ಲಿ ಯಾವುದು ಇಲ್ಲದಿದ್ರೆ ನಿಮಗೆ ಬೇಜಾರಾಗ್ತದೆ?"

ಕೇಳಿದ ಮೇಲೆ ಸುಮ್ನೆ ಇರಿ. ಅವರು ಫೋಟೋವನ್ನು ಇನ್ನೊಮ್ಮೆ ನೋಡಲಿ. ಸಾಮಾನ್ಯವಾಗಿ ನಾವು ಅಂದುಕೊಂಡದ್ದು ಅವರ ಬಾಯಲ್ಲಿ ಬರುವುದೇ ಇಲ್ಲ. ಒಮ್ಮೆ ಮಲ್ಪೆಯ ಒಬ್ಬರು ತಂದೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹಡಗಿನ ಕೇಕ್ ಫೋಟೋ ಕಳಿಸಿದ್ದರು. ಬಿಳಿ ಹಡಗು, ನೀಲಿ ಅಲೆ, ಚಿನ್ನದ ಲಂಗರು. ನಾನು ಲಂಗರು ಮಾಡುವ ಲೆಕ್ಕದಲ್ಲಿದ್ದೆ. ಆ ಪ್ರಶ್ನೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಬೋಟಿನ ಹೆಸರು ಬರ್ಬೇಕು ಅಕ್ಕ. ಅದು ಮಾರಿ ಆಯ್ತು. ಹಸಿರು ಬಣ್ಣ ಇತ್ತು" ಎಂದರು. ಹಡಗು, ಲಂಗರು, ಚಿನ್ನ ಯಾವುದೂ ಬೇಡವಾಗಿತ್ತು. ಬೇಕಿದ್ದದ್ದು ಒಂದು ಹಸಿರು ಮೀನುಗಾರಿಕೆ ಬೋಟು, ಅದರ ಮೂತಿಯ ಮೇಲೆ ಒಂದು ಹೆಸರು. ಹಳೆಯ ಫೋಟೋ ತರಿಸಿದೆ. ಹೆಸರಿನ ಅಕ್ಷರ ಯಾವ ಓರೆಯಲ್ಲಿ ಬರೆದಿತ್ತೋ ಅದೇ ಓರೆಯಲ್ಲಿ ಬರೆದೆ. ಬಲೆ, ಬಲೆಗೆ ಕಟ್ಟುವ ಹಳದಿ ಬೆಂಡು, ಡೆಕ್ಕಿನ ಮೇಲೆ ಬುಟ್ಟಿಯಲ್ಲಿ ಬಂಗುಡೆ ಮೀನು, ಇವೆಲ್ಲ ಕೂಡಿದ ಮೀನುಗಾರಿಕೆಯ ಒಂದು ನೋಟ ನಾನು ಸೇರಿಸಿದ್ದು. ಯಾರೂ ಬೇಡ ಅನ್ನಲಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಸಾಲು

ಫೋನ್ ಇಟ್ಟ ಕೂಡಲೇ ಪ್ರತಿ ಆರ್ಡರಿಗೂ ಒಂದು ಪುಟದಲ್ಲಿ ಮೂರು ಸಾಲು ಬರೆಯುತ್ತೇನೆ: ಅವರದ್ದು, ನನ್ನದು, ಆಗದ್ದು.

'ಅವರದ್ದು' ಎಂಬಲ್ಲಿ ಅವರು ಬೇಜಾರಾಗ್ತದೆ ಎಂದು ಹೇಳಿದ್ದು ಮಾತ್ರ. ಅದರಲ್ಲಿ ನಾನು ಕೈ ಹಾಕುವುದಿಲ್ಲ. ನನಗೆ ಆ ಗುಲಾಬಿ ಬಣ್ಣ ಹಿಡಿಸದಿದ್ದರೂ ಅದೇ ಗುಲಾಬಿ. 'ನನ್ನದು' ಎಂಬಲ್ಲಿ ನನಗೆ ಮಾಡಬೇಕು ಅನ್ನಿಸಿದ ಒಂದು ಸಂಗತಿ. ಒಂದೇ. ಎರಡು ಮೂರು ಹಾಕಿದರೆ ಕೇಕ್ ನಮ್ಮದಾಗಿಬಿಡುತ್ತದೆ, ಅವರ ಮನೆಯ ಹಬ್ಬ ಹಿಂದೆ ಸರಿಯುತ್ತದೆ. 'ಆಗದ್ದು' ಎಂಬಲ್ಲಿ ನಮ್ಮೂರಿನ ಹವೆ, ರಸ್ತೆ, ಭಾರ, ಸಮಯ ಒಪ್ಪದ್ದು.

ಆಮೇಲೆ ಚಿತ್ರ ಬಿಡಿಸಿ. ಚೆನ್ನಾಗಿ ಬಿಡಿಸಲು ಬರಬೇಕು ಅಂತ ಇಲ್ಲ. ಗಣಿತದ ಚೌಕಳಿ ಪುಸ್ತಕದಲ್ಲಿ ಒಂದು ಚೌಕ ಅಂದರೆ ಒಂದು ಇಂಚು ಎಂದು ಇಟ್ಟುಕೊಂಡು ಪೆನ್ಸಿಲಿನಲ್ಲಿ ಗೆರೆ ಹಾಕಿ, ಬಣ್ಣದ ಪೆನ್ಸಿಲ್ ತಿಕ್ಕಿದರೆ ಸಾಕು. ನಾನು ಎರಡು ಚಿತ್ರ ಕಳಿಸುತ್ತೇನೆ. ಒಂದು ಅವರ ಫೋಟೋಕ್ಕೆ ಆದಷ್ಟು ಹತ್ತಿರ, ನಮ್ಮ ಸೆಕೆಗೆ ಬೇಕಾದಷ್ಟೇ ಬದಲಾವಣೆ ಮಾಡಿದ್ದು. ಇನ್ನೊಂದು ನನ್ನ ಯೋಚನೆ ಸೇರಿಸಿದ್ದು. ಎರಡಕ್ಕೂ ಬೆಲೆ ಒಂದೇ ಇಡುತ್ತೇನೆ. ನನ್ನದಕ್ಕೆ ಜಾಸ್ತಿ ದುಡ್ಡು ಅಂದರೆ, ದುಡ್ಡಿಗೋಸ್ಕರ ತಲೆಗೆ ತುಂಬಿಸುತ್ತಿದ್ದಾಳೆ ಅಂತ ಅವರಿಗೆ ಅನ್ನಿಸುತ್ತದೆ. ಮೂರು ನಾಲ್ಕು ಚಿತ್ರ ಕಳಿಸಬೇಡಿ. ಕಳಿಸಿದರೆ ಅದು ಮನೆಯ ಗ್ರೂಪಿಗೆ ಹೋಗಿ, ಅತ್ತೆಯದ್ದೊಂದು, ಭಾವನದ್ದೊಂದು ಅಭಿಪ್ರಾಯ ಸೇರಿ, ನಾಲ್ಕನ್ನೂ ಕಲಸಿದ ಐದನೆಯ ಕೇಕ್ ವಾಪಸ್ ಬರುತ್ತದೆ.

ಒಂದು ಹುಲಿ, ಒಂದು ಮುಡಿ

ಇದು ಹೇಗೆ ಕೂಡಿ ಬರುತ್ತದೆ ಎಂದು ಒಂದು ಕೇಕ್ ತೆಗೆದುಕೊಂಡು ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ಐದು ವರ್ಷದ ಹುಡುಗನಿಗೆ ಹುಲಿ ಕೇಕ್. ಬಂದ ಫೋಟೋದಲ್ಲಿ ಕಾರ್ಟೂನಿನ ಹುಲಿ, ಸುತ್ತ ಹಸಿರು ಕಾಡು, ಇಂಗ್ಲಿಷಿನಲ್ಲಿ ಹೆಸರು. ಎಗ್‌ಲೆಸ್, ಎರಡು ಕಿಲೋ. ಯಾವುದು ಇಲ್ಲದಿದ್ದರೆ ಬೇಜಾರು ಎಂದು ಕೇಳಿದೆ. ತಂದೆ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದ ಮಾತೆತ್ತಿ ಹೇಳಿದರು: "ಹುಲಿ ಇದ್ರೆ ಆಯ್ತು. ವಿಟ್ಲಪಿಂಡಿಗೆ ರಥಬೀದಿಯಲ್ಲಿ ವೇಷ ನೋಡಿದ್ದೇ ನೋಡಿದ್ದು, ಅಂದಿನಿಂದ ಮನೆಯಲ್ಲಿ ಕುಣಿಯುವುದು ನಿಲ್ಲಿಸ್ಲಿಲ್ಲ."

ಹಾಗಾದರೆ ಅವನ ಹುಲಿ ಕಾಡಿನದ್ದಲ್ಲ. ಅವನು ಕಂಡದ್ದು ಹಳದಿ ಬಣ್ಣ ಬಳಿದುಕೊಂಡು ತಾಸೆ ವಾದ್ಯದ ಬಡಿತಕ್ಕೆ ಕುಣಿಯುವ ಹುಲಿವೇಷ. ಎರಡು ಚಿತ್ರ ಕಳಿಸಿದೆ, ಒಂದು ಕಾರ್ಟೂನ್, ಒಂದು ವೇಷದ ಮುಖ. ಐದು ನಿಮಿಷದಲ್ಲಿ ಉತ್ತರ ಬಂತು, ಹುಡುಗನೇ ಮಾತಾಡಿದ ವಾಯ್ಸ್ ಮೆಸೇಜ್. ವೇಷವೇ ಬೇಕಂತೆ.

ಕೇಕಿನ ಮೇಲ್ಭಾಗವೇ ಮುಖ. ಹಳದಿ ಕ್ರೀಮಿನ ಮೇಲೆ ಡಾರ್ಕ್ ಚಾಕೊಲೇಟ್ ಕರಗಿಸಿ ಪಟ್ಟೆ ಎಳೆದೆ. ತಲೆಗೆ ಇಡುವ ಕುರಿಕೂದಲಿನ ಮಂಡೆಗೆ 233ನೇ ನಂಬರಿನ ನೋಝಲ್. ಹುಲ್ಲು, ಕೂದಲು ಬಿಡಿಸಲು ಇರುವ, ಸಣ್ಣ ಸಣ್ಣ ತೂತುಗಳ ನೋಝಲ್ ಅದು. ಕ್ರೀಮಿಗೆ ಕೋಕೋ ಸೇರಿಸಿ ಕಡು ಬಣ್ಣ ಮಾಡಿ, ಒತ್ತಿ, ಮೇಲಕ್ಕೆಳೆದು, ತಟ್ಟನೆ ಬಿಡಬೇಕು. ಒತ್ತುವುದನ್ನು ನಿಲ್ಲಿಸಿದ ಮೇಲೆ ಎಳೆದರೆ ಕೂದಲಿನ ತುದಿ ಚೂಪಾಗುತ್ತದೆ. ಒತ್ತುತ್ತಲೇ ಎಳೆದರೆ ತುದಿ ಮೊಂಡಾಗಿ ಶ್ಯಾವಿಗೆಯ ಹಾಗೆ ಕಾಣುತ್ತದೆ.

'ನನ್ನದು' ಎಂಬ ಸಾಲಿನಲ್ಲಿ ನಾನು ಬರೆದದ್ದು ಅಕ್ಕಿ ಮುಡಿ, ಅಂದರೆ ಬೈಹುಲ್ಲಿನಲ್ಲಿ ಉಂಡೆಯಾಗಿ ಕಟ್ಟಿದ ಅಕ್ಕಿಯ ಮೂಟೆ. ಹುಲಿವೇಷದವರು ಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವುದನ್ನು ನೋಡಿದ್ದೀರಲ್ವಾ? ಆ ಮುಡಿ. ಅರ್ಧ ಗೋಲದ ಎರಡು ಅಚ್ಚಿನಲ್ಲಿ ಸ್ಪಾಂಜ್ ಬೇಯಿಸಿ, ಗನಾಶ್ (ಚಾಕೊಲೇಟಿಗೆ ಕ್ರೀಮ್ ಕಲಸಿದ್ದು) ಹಚ್ಚಿ ಕೂಡಿಸಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಕೆನೆ ಬಣ್ಣದ ಫಾಂಡೆಂಟ್ (ಹಿಟ್ಟಿನ ಹಾಗೆ ನಾದಿ ಲಟ್ಟಿಸುವ ಸಕ್ಕರೆಯ ಕಣಕ) ಹೊದಿಸಿದೆ. ಬೈಹುಲ್ಲಿನ ಹಗ್ಗಕ್ಕೆ ಫಾಂಡೆಂಟಿನ ಎರಡು ತೆಳು ದಾರ ಹೊಸೆದು ಒಂದಕ್ಕೊಂದು ತಿರುಚಿದೆ. ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾ ಬಂದು ನೆತ್ತಿಯಲ್ಲಿ ಗಂಟು. ಕೊನೆಗೆ ಒಣ ಬ್ರಷ್ಷಿನಲ್ಲಿ ಕೋಕೋ ಪುಡಿ ತೆಗೆದುಕೊಂಡು ಹಗ್ಗದ ಸಂದಿಗೆ ಮಾತ್ರ ತಿಕ್ಕಿದೆ. ಆಗ ನೋಡಿ, ಅದಕ್ಕೆ ಹುಲ್ಲಿನ ಜೀವ ಬಂತು. ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯ ಸಂತೋಷಕ್ಕೇ ನಾನು ಈ ಕೆಲಸ ಮಾಡುವುದು.

ಮನೆಯವರು ಕೇಳಿದ್ದ ಇಂಗ್ಲಿಷ್ ಹೆಸರನ್ನು ಹಾಗೇ ಬರೆದೆ. ಅದು 'ಅವರದ್ದು' ಸಾಲಿನಲ್ಲಿತ್ತು.

ನನ್ನ ಕೈ ಒಳಗೇ ಇರಬೇಕಿದ್ದ ಒಂದು ಸಲ

ಎಲ್ಲ ಕೇಕಿನಲ್ಲೂ ನಮ್ಮದೊಂದು ಕಾಣಿಸಲೇಬೇಕು ಎಂದು ಹಟ ಮಾಡಬಾರದು. ಇದನ್ನು ನಾನು ನೋವಿನಲ್ಲಿ ಕಲಿತೆ. ಶುರುವಿನ ಎರಡನೇ ವರ್ಷ. ಕಲ್ಯಾಣಪುರದ ಕಡೆಯ ಒಂದು ಮನೆ, ದಂಪತಿಯ ಮದುವೆಗೆ ಐವತ್ತು ವರ್ಷ. ಮಗಳು ಕಪ್ಪು ಬಿಳುಪು ಫೋಟೋ ತಂದುಕೊಟ್ಟು, ಅಂದಿನ ಮದುವೆ ಕೇಕನ್ನೇ ಮಾಡಿಕೊಡಿ ಎಂದಿದ್ದರು. ಬಿಳಿ ರಾಯಲ್ ಐಸಿಂಗ್ (ಸಕ್ಕರೆ ಪುಡಿಗೆ ಮೊಟ್ಟೆಯ ಬಿಳಿ ಕಲಸಿದ್ದು, ಒಣಗಿದರೆ ಗಟ್ಟಿ), ಮೂರು ಅಂತಸ್ತು, ನಡುವೆ ಸಣ್ಣ ಕಂಬಗಳು, ಅಂಚಿಗೆ ಚಿಪ್ಪಿನ ಸಾಲು. ಅಷ್ಟೇ. ನನಗೆ ಅದು ತೀರಾ ಬೋಳಾಗಿ ಕಂಡಿತು. ಐವತ್ತು ವರ್ಷ ಅಂದರೆ ಚಿನ್ನ ಅಲ್ವಾ ಎಂದುಕೊಂಡು ಚಿನ್ನದ ಎಲೆ ಅಂಟಿಸಿದೆ, ಸಕ್ಕರೆಯ ಹೂಗಳನ್ನು ಕೆಳಗಿನವರೆಗೆ ಇಳಿಸಿದೆ. ಕೇಕ್ ಚೆಂದವೇ ಇತ್ತು.

ಸಮಾರಂಭದ ಹಾಲ್‌ನಲ್ಲಿ ಕೇಕ್ ಇಟ್ಟ ಮೇಲೆ ಆ ಅಮ್ಮ ಬಂದು ನೋಡಿದರು. ಸುತ್ತ ಒಂದು ಸಲ ನಡೆದರು. ಆಮೇಲೆ ಮಗಳ ಹತ್ತಿರ ಮೆಲ್ಲ ಕೇಳಿದರು: "ನಮ್ಮ ಕೇಕ್ ಇನ್ನೂ ಬರ್ಲಿಲ್ವಾ?"

ಸಮಾರಂಭಕ್ಕೆ ನಲ್ವತ್ತು ನಿಮಿಷ ಇತ್ತು. ಚಿಮಟ ತೆಗೆದುಕೊಂಡು ಒಂದೊಂದೇ ಹೂ ಕಿತ್ತೆ. ಕಿತ್ತ ಜಾಗದಲ್ಲಿ ಗುಳಿ. ಜೊತೆಗೆ ತಂದಿದ್ದ ರಾಯಲ್ ಐಸಿಂಗಿನಲ್ಲಿ ಗುಳಿ ತುಂಬಿಸಿ, ಅದರ ಮೇಲೆ ಫೋಟೋದಲ್ಲಿದ್ದ ಹಾಗೆ ಚುಕ್ಕಿ ಇಟ್ಟೆ. ಚಿನ್ನದ ಎಲೆಯನ್ನು ಚಾಕುವಿನ ಬೆನ್ನಿನಲ್ಲಿ ಕೆರೆದೆ. ಪೂರ್ತಿ ಹೋಗಲಿಲ್ಲ, ಆದರೆ ದೂರಕ್ಕೆ ಕಾಣುತ್ತಿರಲಿಲ್ಲ. ಅಮ್ಮ ಮತ್ತೆ ಬಂದು ನೋಡಿ, ಯಜಮಾನರ ಕೈ ಹಿಡಿದು ಕರೆದುಕೊಂಡು ಬಂದರು.

ಅಲ್ಲಿ ಫೋಟೋದಲ್ಲಿದ್ದದ್ದು ಇದ್ದ ಹಾಗೇ ಬೇಕು ಎಂಬುದೇ ಅವರ ಆ ಒಂದು ಆಸೆಯಾಗಿತ್ತು. ನಾನು ಕೇಳಿರಲಿಲ್ಲ. ಈಗ ಹಳೆಯ ಫೋಟೋ, ತೀರಿಕೊಂಡವರ ನೆನಪು, ಅಜ್ಜಿ ಮಾಡುತ್ತಿದ್ದ ಕೇಕ್ ಎಂದೆಲ್ಲ ಬಂದರೆ 'ನನ್ನದು' ಸಾಲನ್ನು ಖಾಲಿ ಬಿಡುತ್ತೇನೆ. ಅಂಥ ಕೇಕಿನಲ್ಲಿ ನಮ್ಮ ಕೆಲಸ ಒಳಗಿರಲಿ. ರಮ್ಮಿನಲ್ಲಿ ತಿಂಗಳುಗಟ್ಟಲೆ ನೆನೆಸಿದ ಹಣ್ಣು, ಸರಿಯಾಗಿ ಸುಟ್ಟ ಸಕ್ಕರೆಯ ಬಣ್ಣ, ಮಟ್ಟಸವಾದ ಅಂಚು. ಅದೂ ಕಲೆಯೇ.

ಒಂದು ಮಾತು ಕೂಡ: ಎಲ್ಲಿ ಹೋದರೂ ಒಂದು ಸಣ್ಣ ಡಬ್ಬ ಜೊತೆಯಲ್ಲಿರಲಿ. ಕೋನಿನಲ್ಲಿ ಉಳಿದ ಐಸಿಂಗ್, ಚಿಮಟ, ಚಪ್ಪಟೆ ಚಾಕು, ಬ್ರಷ್, ಟಿಶ್ಯೂ.

ಹವೆಯ ಜೊತೆ ಜಗಳ ಬೇಡ

'ಆಗದ್ದು' ಎಂಬ ಸಾಲಿನಲ್ಲಿ ನಮ್ಮ ಕರಾವಳಿಯಲ್ಲಿ ಮೊದಲು ಬರುವುದು ಹವೆ. ಇಲ್ಲಿ ಗಿರಾಕಿಯ ಆಸೆಗೂ ನಮ್ಮ ಕಲೆಗೂ ಜಾಗ ಕಡಿಮೆ. ಇದನ್ನು ಅವರಿಗೆ ಬಿಡಿಸಿ ಹೇಳಲೇಬೇಕು.

ಬೆಣ್ಣೆ 32ರಿಂದ 35 ಡಿಗ್ರಿಗೆ ಕರಗುತ್ತದೆ. ಅದಕ್ಕೂ ಮೊದಲೇ ಮೆತ್ತಗಾಗಿ ಆಕಾರ ಬಿಡುತ್ತದೆ. ಏಪ್ರಿಲ್, ಮೇಯಲ್ಲಿ ನಮ್ಮ ಅಂಗಳದ ಸೆಕೆ ಅಲ್ಲಿಗೇ ಮುಟ್ಟುತ್ತದೆ. ಹಾಗಾಗಿ ಎಸಿ ಇಲ್ಲದ ಜಾಗಕ್ಕೆ ಬಟರ್‌ಕ್ರೀಮಿನ ಚೂಪು ಅಂಚಿನ ಕೇಕ್ ನಾನು ಒಪ್ಪುವುದಿಲ್ಲ. ಬದಲಿಗೆ ಗನಾಶ್. ಡಾರ್ಕ್ ಚಾಕೊಲೇಟ್ ಆದರೆ ತೂಕದಲ್ಲಿ ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮ್. ಬಿಳಿ ಚಾಕೊಲೇಟ್ ಆದರೆ ಮೂರಕ್ಕೆ ಒಂದು. ಸೆಕೆ ಜಾಸ್ತಿ ಇದ್ದರೆ ಕ್ರೀಮನ್ನು ಇನ್ನೂ ಸ್ವಲ್ಪ ಕಡಿಮೆ ಮಾಡುತ್ತೇನೆ. ಅಂಚು ಅಷ್ಟೇ ಚೂಪಾಗಿ ಬರುತ್ತದೆ, ನಿಲ್ಲುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಷ್ಟ ಬೇರೆ. ಫಾಂಡೆಂಟ್ ಅಂದರೆ ಸಕ್ಕರೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣಗಿನ ಕೇಕಿನ ಮೇಲೆ ಹನಿ ಕೂಡುತ್ತದೆ, ಫಾಂಡೆಂಟ್ ಬೆವರುತ್ತದೆ, ಬಣ್ಣ ಇಳಿಯುತ್ತದೆ. ಆಗ ಒರೆಸಬೇಡಿ, ಮುಟ್ಟಬೇಡಿ. ಫ್ಯಾನಿನ ಕೆಳಗೆ ಇಟ್ಟು ಬಿಡಿ, ತಾನೇ ಆರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿಟ್ಟೇ ಫ್ರಿಜ್ಜಿನಲ್ಲಿಟ್ಟು, ಹೊರಗೆ ತೆಗೆದ ಮೇಲೂ ಪೆಟ್ಟಿಗೆ ತೆರೆಯದೆ ಸ್ವಲ್ಪ ಹೊತ್ತು ಬಿಟ್ಟರೆ ಹನಿ ಪೆಟ್ಟಿಗೆಯ ಮೇಲೆ ಕೂಡುತ್ತದೆ, ಕೇಕ್ ಉಳಿಯುತ್ತದೆ. ಆನೆ, ಗೊಂಬೆ, ಬೋಟು ಇಂಥದ್ದನ್ನೆಲ್ಲ ಐದು ದಿನ ಮೊದಲೇ ಮಾಡಿಟ್ಟುಕೊಳ್ಳಿ. ಕಾಲು ಕಿಲೋ ಫಾಂಡೆಂಟಿಗೆ ಒಂದು ಟೀ ಚಮಚ ಸಿಎಂಸಿ ಪುಡಿ (ಕೇಕ್ ಸಾಮಾನಿನ ಅಂಗಡಿಯ, ತಿನ್ನಬಹುದಾದ ಅಂಟಿನ ಪುಡಿ) ಹಾಕಿ ನಾದಿದರೆ ಗಟ್ಟಿಯಾಗಿ ಒಣಗುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ, ಬದಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಹೊರಗೇ ಇಡಿ. ಫ್ರಿಜ್ಜಿನಲ್ಲಿ ಬೇಡ.

ಇದನ್ನೆಲ್ಲ ಗಿರಾಕಿಗೆ ಪಾಠದ ಹಾಗೆ ಹೇಳಬೇಕಾಗಿಲ್ಲ. "ಮಳೆಗಾಲದಲ್ಲಿ ಹಪ್ಪಳ ಡಬ್ಬದಿಂದ ಹೊರಗಿಟ್ರೆ ಏನಾಗ್ತದೆ? ಇದೂ ಹಾಗೇ" ಎನ್ನುತ್ತೇನೆ. ತಕ್ಷಣ ಅರ್ಥ ಆಗುತ್ತದೆ. ಬರೀ ಆಗುವುದಿಲ್ಲ ಎಂದರೆ ಅವರಿಗೆ ನಮ್ಮ ಕೈಲಾಗದು ಎಂದು ಕೇಳಿಸುತ್ತದೆ. ಕಾರಣ ಹೇಳಿ, ಕೂಡಲೇ ಏನು ಆಗುತ್ತದೆ ಎಂದೂ ಹೇಳಿ.

ಭಾರದ ಮಾತೂ ಇದೇ. ಎಗ್‌ಲೆಸ್ ಸ್ಪಾಂಜ್ ಮೆತ್ತಗೆ. ಮೇಲಿನ ಅಂತಸ್ತಿನ ಭಾರ ಸ್ಪಾಂಜಿನ ಮೇಲೆ ಬೀಳಲೇಬಾರದು. ಎಂಟಿಂಚಿನ ಕೇಕಿನ ಮೇಲೆ ಆರಿಂಚಿನದ್ದು ಇಡುವಾಗ ಮೇಲಿನದಕ್ಕೆ ಅದರದ್ದೇ ಬೋರ್ಡ್, ಬೋರ್ಡಿನ ಅಡಿಗೆ ನಾಲ್ಕೈದು ದಪ್ಪ ಸ್ಟ್ರಾ, ಎಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದ್ದು. ಮಣಿಪಾಲದ ಏರು ಹತ್ತುವ ಕೇಕ್ ಆದರೆ ಎರಡು ಅಂತಸ್ತನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ ತೆಗೆದುಕೊಂಡು ಹೋಗಿ ಅಲ್ಲೇ ಏರಿಸುತ್ತೇನೆ. ಕಾರಿನ ಸೀಟು ಹಿಂದಕ್ಕೆ ಇಳಿಜಾರು, ಅದರ ಮೇಲೆ ಇಡಬೇಡಿ. ಕಾಲಿಡುವ ಜಾಗ ಮಟ್ಟಸ, ಅಲ್ಲಿಡಿ.

ಬಣ್ಣ, ಹೂವು, ಜೆಲಟಿನ್

ಈ ಮೂರರಲ್ಲಿ ನಾನು ಗಿರಾಕಿಯ ಮಾತಿಗೂ ಬಗ್ಗುವುದಿಲ್ಲ, ನನ್ನ ಆಸೆಗೂ ಬಗ್ಗುವುದಿಲ್ಲ.

ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಅಪಾಯದ ಮಟ್ಟದ ಕೃತಕ ಬಣ್ಣ ಸಿಕ್ಕಿದೆ ಎಂಬ ಸುದ್ದಿ 2024ರ ಅಕ್ಟೋಬರಿನಲ್ಲಿ ಬಂತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಎಲ್ಲರ ಬಾಯಲ್ಲಿ ಬಂತು. ಆ ವಾರ ನನಗೆ ಬಂದ ಪ್ರತಿ ಫೋನಿನಲ್ಲೂ ಅದೇ ಪ್ರಶ್ನೆ. ಕೇಳಿದ್ದು ಒಳ್ಳೆಯದೇ ಆಯ್ತು. ನಮ್ಮ ಕಾನೂನಿನಲ್ಲಿ ಒಪ್ಪಿಗೆ ಇರುವ ಕೃತಕ ಬಣ್ಣಕ್ಕೂ ಮಿತಿ ಇದೆ, ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ. ಪೂರ್ತಿ ಕೆಂಪು, ಪೂರ್ತಿ ಕಪ್ಪು ಕೇಕ್ ಬೇಕು ಎಂದರೆ ಈ ಮಿತಿಯೊಳಗೆ ನಿಲ್ಲುವುದು ಕಷ್ಟ. ಹಾಗಾಗಿ ಕಪ್ಪಿಗೆ ಕೋಕೋ ಮತ್ತು ಡಾರ್ಕ್ ಚಾಕೊಲೇಟ್. ಕೆಂಪನ್ನು ಸಣ್ಣ ಜಾಗಕ್ಕೆ, ಕಣ್ಣು ಬೀಳುವ ಜಾಗಕ್ಕೆ. ಬಿಳಿಯ ನಡುವೆ ಒಂದು ಕೆಂಪು ಹೂ, ಇಡೀ ಕೆಂಪು ಕೇಕಿಗಿಂತ ಜಾಸ್ತಿ ಕೆಂಪಾಗಿ ಕಾಣುತ್ತದೆ. ಮತ್ತೆ ಜೆಲ್ ಕಲರ್ ಕಲಸಿದ ಕ್ರೀಮ್ ರಾತ್ರಿ ಕಳೆದರೆ ಒಂದು ಪಟ್ಟು ಕಡುವಾಗುತ್ತದೆ. ಹಿಂದಿನ ದಿನವೇ ಕಲಸಿಟ್ಟರೆ ಕಡಿಮೆ ಬಣ್ಣದಲ್ಲೇ ಕೆಲಸ ಆಗುತ್ತದೆ.

ಹೂವು. ಶಂಕರಪುರ ಮಲ್ಲಿಗೆಯನ್ನು ಕೇಕಿಗೆ ಸುತ್ತಿಕೊಡಿ ಎಂದು ಕೇಳುವವರು ತುಂಬಾ ಜನ. ಕೇಳಿದಾಗ ನನಗೂ ಆಸೆಯಾಗುತ್ತದೆ. ಆದರೆ ಮುಡಿಯಲಿಕ್ಕೆ ಬೆಳೆದ ಹೂವಿಗೆ ಕೀಟದ ಮದ್ದು ಬಿಟ್ಟಿರಬಹುದು, ಅದು ತಿನ್ನುವುದಕ್ಕೆ ತಾಗಬಾರದು. ಕೇಕಿನ ಕೆಳಗೆ, ತಟ್ಟೆಯ ಸುತ್ತ ಹೂವಿನ ಚೆಂಡು ಇಡಿ ಎನ್ನುತ್ತೇನೆ, ಪರಿಮಳ ಅಲ್ಲಿಂದಲೂ ಬರುತ್ತದೆ. ಕೇಕಿನ ಮೇಲೆ ಫಾಂಡೆಂಟಿನ ಮೊಗ್ಗು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಉಂಡೆ, ಒಂದು ತುದಿ ಹೊಸೆದು ಚೂಪು ಮಾಡಿ, ಬುಡಕ್ಕೆ ಕಾಣೀತೋ ಕಾಣದೋ ಎನ್ನುವಷ್ಟು ಹಸಿರು. ಒತ್ತೊತ್ತಾಗಿ ಅಂಟಿಸಿ, ಕಟ್ಟಿದ ಮಲ್ಲಿಗೆ ಹೇಗೆ ಒತ್ತಾಗಿರುತ್ತದೋ ಹಾಗೆ. ನೂರು ಮೊಗ್ಗು ಹೊಸೆಯಲು ನನಗೆ ಒಂದು ಗಂಟೆ ಬೇಕು. ಕಣಗಿಲೆಯನ್ನು ಮಾತ್ರ ಯಾರು ಎಷ್ಟು ಕೇಳಿದರೂ ಕೇಕಿನ ಹತ್ತಿರ ತರಬೇಡಿ. ಅದು ವಿಷ.

ಜೆಲಟಿನ್ ವಿಷಯದಲ್ಲಿ ನಮ್ಮಲ್ಲೇ ಕೆಲವರು ಎಡವುತ್ತಾರೆ. ಅದು ಪ್ರಾಣಿಯ ಚರ್ಮ, ಎಲುಬಿನಿಂದ ಮಾಡಿದ್ದು. ಎಗ್‌ಲೆಸ್ ಸ್ಪಾಂಜ್ ಮಾಡಿ, ಅದರ ಮೇಲೆ ಜೆಲಟಿನ್ ಇರುವ ಫಾಂಡೆಂಟ್ ಅಥವಾ ಮಾರ್ಷ್‌ಮ್ಯಾಲೋ ಇಟ್ಟರೆ ಆ ಕೇಕ್ ಸಸ್ಯಾಹಾರಿ ಆಗುವುದಿಲ್ಲ. ಮೊಟ್ಟೆಯ ಬಿಳಿಯಿಂದ ಮಾಡುವ ಮೆರಾಂಗ್ ಬಟರ್‌ಕ್ರೀಮೂ ಅಷ್ಟೇ. ಮಠದ ಬೀದಿಯ ಮನೆಯ ಅಜ್ಜಿ ನಮ್ಮ ಮಾತು ನಂಬಿ ಬಾಯಿಗಿಡುತ್ತಾರೆ. ಪ್ಯಾಕೆಟ್ಟಿನ ಹಸಿರು ಚುಕ್ಕಿ ನೋಡಿ, ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಗಟ್ಟಿ ಮಾಡಲು ಬೇಕಾದ ಕಡೆ ಕಡಲಕಳೆಯಿಂದ ಮಾಡುವ ಚೈನಾ ಗ್ರಾಸ್ ಬಳಸಿ.

ದುಡ್ಡು, ಮತ್ತು ಕೊನೆ ಗಳಿಗೆಯ ಬದಲಾವಣೆ

ನಾನು ಸಾಮಾನಿನ ಖರ್ಚಿನ ಜೊತೆ ಕೈಕೆಲಸದ ಗಂಟೆಯನ್ನೂ ಬರೆದು ತೋರಿಸುತ್ತೇನೆ. ಮೊಗ್ಗಿಗೆ ಇಷ್ಟು ಗಂಟೆ, ಬೋಟಿಗೆ ಇಷ್ಟು. ಕಡಿಮೆ ಮಾಡಿ ಎಂದರೆ ದರ ಇಳಿಸುವ ಬದಲು ಗಂಟೆ ಇಳಿಸುತ್ತೇನೆ: "ಗೊಂಬೆ ಒಂದು ಸಾಕಾ? ಮಗುವಿನದ್ದು ಮಾತ್ರ ಇಡುವಾ." ಹಾಸ್ಟೆಲ್ ಮಕ್ಕಳ ಹತ್ತಿರ ದುಡ್ಡು ಕಡಿಮೆ, ಐಡಿಯಾ ಜಾಸ್ತಿ. ಅವರಿಗೆ ಅರ್ಧ ಕಿಲೋದ ಸಾದಾ ಕೇಕಿನ ಮೇಲೆ ಗೆಳೆಯರೊಳಗಿನ ಒಂದು ಮಾತು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟರೆ ಸಾಕು.

ಅಕ್ಷರದ ಮಾತು ಬಂದದ್ದರಿಂದ ಹೇಳುತ್ತೇನೆ. ಕನ್ನಡದಲ್ಲಿ ಬರೆಯಲು ಒಮ್ಮೆ ಕೇಳಿ ನೋಡಿ. ನಮ್ಮ ಅಕ್ಷರ ಗುಂಡಗೆ, ಕೋನಿನಿಂದ ಇಳಿಯುವ ಚಾಕೊಲೇಟಿಗೆ ಹೇಳಿ ಮಾಡಿಸಿದ ಹಾಗಿದೆ. ತಲೆಕಟ್ಟನ್ನು ಕೊನೆಗೆ ಹಾಕಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟುಕೊಂಡೇ ಮೊದಲ ಸಾಲು ಶುರು ಮಾಡಿ, ಇಲ್ಲದಿದ್ದರೆ 'ಪ್ರಜ್ಞಾ' ಎಂಬ ಹೆಸರಿನ ಒತ್ತು ಎರಡನೇ ಸಾಲಿಗೆ ತಾಗುತ್ತದೆ. ಬಟರ್ ಪೇಪರಿನ ಮೇಲೆ ನಾಲ್ಕು ಸಲ ಬರೆದು ಕೈ ಕುದುರಿಸಿಕೊಳ್ಳಿ. ಹೆಸರನ್ನು ಫೋನಿನಲ್ಲಿ ಕೇಳಿ ಬರೆಯಬೇಡಿ, ಅವರ ಕೈಯಲ್ಲೇ ಟೈಪ್ ಮಾಡಿಸಿ.

ಚಿತ್ರಕ್ಕೆ ಅವರು ಓಕೆ ಎಂದು ಬರೆದ ಮೇಲೆ ಅರ್ಧ ಅಡ್ವಾನ್ಸ್. ನಾಲ್ಕು ದಿನ ಮೊದಲಿನವರೆಗೆ ಬದಲಾವಣೆ ಕೇಳಬಹುದು ಎಂದು ಅದೇ ಮೆಸೇಜಿನಲ್ಲಿ ಹಾಕುತ್ತೇನೆ. ಆಮೇಲೂ ಕೇಳುತ್ತಾರೆ. ಆಗ ನೋಟ್‌ಬುಕ್ ತೆಗೆದು ನೋಡುತ್ತೇನೆ. ಅವರು ಬದಲಿಸಲು ಹೇಳಿದ್ದು 'ನನ್ನದು' ಸಾಲಿನದ್ದಾದರೆ ಮಾತಿಲ್ಲದೆ ಬಿಟ್ಟುಕೊಡುತ್ತೇನೆ, ಅರ್ಧ ಮಾಡಿದ್ದರೂ. ಬೇಸರ ಆಗುತ್ತದೆ, ಆಗುವುದಿಲ್ಲ ಅಂತ ಸುಳ್ಳು ಹೇಳಲಾರೆ. ಮಾಡಿದ್ದನ್ನು ಡಬ್ಬದಲ್ಲಿ ಎತ್ತಿಡುತ್ತೇನೆ. ಒಂದು ಸಲ ಹಾಗೆ ಉಳಿದ ಮಲ್ಲಿಗೆ ಮೊಗ್ಗುಗಳು ಮರುವಾರ ಬೇರೆ ಮನೆಯ ಸೀಮಂತದ ಕೇಕಿಗೆ ಹೋದವು.

ಪೆಟ್ಟಿಗೆಯ ಜೊತೆ ಒಂದು ಚೀಟಿ

ಕೇಕ್ ಕೊಡುವಾಗ ಕೈಬರಹದ ಒಂದು ಚೀಟಿ ಇಡುತ್ತೇನೆ. ಕೇಕಿನ ಒಳಗೆ ನಾವು ಏನೇನು ಅಡಗಿಸಿದ್ದೇವೆ ಎಂದು ಕತ್ತರಿಸುವವರಿಗೆ ಗೊತ್ತಿರುವುದಿಲ್ಲ ಅಲ್ವಾ. ಬೋಟಿನ ಕೇಕಿನ ಜೊತೆ ಕೊಟ್ಟ ಚೀಟಿ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ:

"ಆರು ಗಂಟೆಯವರೆಗೆ ಎಸಿ ರೂಮಿನಲ್ಲಿ ಇಡಿ. ಫ್ಯಾನ್ ಗಾಳಿ ತಾಗಿದರೆ ತೊಂದರೆ ಇಲ್ಲ, ಬಿಸಿಲು ತಾಗಬಾರದು. ಬೋಟಿನ ಕಂಬದಲ್ಲಿ ಎರಡು ಟೂತ್‌ಪಿಕ್ ಉಂಟು, ಮಕ್ಕಳ ಕೈಗೆ ಕೊಡುವ ಮೊದಲು ತೆಗೆಯಿರಿ. ಬಲೆ, ಬೆಂಡು, ಬಂಗುಡೆ ಎಲ್ಲ ತಿನ್ನಬಹುದು. ಹೆಸರು ಬರೆದ ಹಲಗೆ ಬಿಡಿಯಾಗಿದೆ, ಮೆಲ್ಲ ಎತ್ತಿದರೆ ಇಡಿಯಾಗಿ ಬರುತ್ತದೆ. ಮೊದಲು ಅದನ್ನು ತೆಗೆದು ಬದಿಗಿಟ್ಟು ಆಮೇಲೆ ಕತ್ತರಿಸಿ."